ಶೋಧಕವು ಅಳೆಯುವುದು ಏನನ್ನು?

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಸ್ವರ್ಣಪತ್ರ ವಿದ್ಯುದ್ದರ್ಶಕವನ್ನು ಮೇಜಿನ ಮೇಲಿರಿಸಿ, ರೇಷ್ಮೆಯ ಬಟ್ಟೆಯಿಂದ ಚೆನ್ನಾಗಿ ಉಜ್ಜಿದ ಗಾಜಿನ ಕೋಲನ್ನು ಅದರ ತಲೆಯ ಬಳಿಗೆ ತಂದೊಡನೆ ಒಳಗಿನ ಎಲೆಗಳೆರಡೂ ಬಿರಿದುಕೊಳ್ಳುವುದನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರಬಹುದು. ಕೋಲನ್ನು ದೂರ ಸರಿಸಿದರೆ ಎಲೆಗಳು ಮತ್ತೆ ಕೂಡಿಕೊಳ್ಳುತ್ತವೆ. ಕೆಲವು ವರ್ಷಗಳ ಹಿಂದೆ ನಾವು ಈ ಪ್ರಯೋಗವನ್ನು ತೋರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಕೋಲು ಮುಟ್ಟಲೇ ಇಲ್ಲವಲ್ಲ. ಹಾಗಾದರೆ ಎಲೆಗಳು ತೋರಿಸುತ್ತಿರುವುದು ಯಾರ ವಿದ್ಯುದಂಶವನ್ನು? ಕೋಲಿನದನ್ನೋ, ತಮ್ಮದನ್ನೋ?” ಎಂದು ಕೇಳಿದಳು. ಪ್ರೇರಣೆಯ ವಿಷಯವಾಗಿ ಪುಸ್ತಕದಲ್ಲಿರುವ ನಾಲ್ಕು ಮಾತುಗಳನ್ನು ಹೇಳಿ ನಾವು ಮುಂದಿನ ಪಾಠಕ್ಕೆ ನಡೆದೆವು. ಗಂಟೆ ಬಾರಿಸುವ ಹೊತ್ತೂ ಆಗಿದ್ದಿತು. ಉತ್ತರವೇನೋ ತಪ್ಪಾಗಿರಲಿಲ್ಲ. ಆದರೆ ಆಕೆ ಕೇಳಿದ್ದು ಪ್ರೇರಣೆಯ ಲಕ್ಷಣವನ್ನಲ್ಲ, ಉಪಕರಣವು ನುಡಿಯುವ ಮಾತಿನ ಅರ್ಥವನ್ನು. ಮುಂದೆ ಪಾಲಿಥೀನ್ ತಯಾರಿಸುವ ದೊಡ್ಡ ಕಾರ್ಖಾನೆಗಳ ವಿಷಯವಾಗಿ ಓದುತ್ತ ಹೋದಾಗ, ಅದೇ ಪ್ರಶ್ನೆ ಅಲ್ಲಿಯೂ ಎದುರುನಿಂತಿರುವುದನ್ನೂ, ಅದನ್ನು ಕೇಳದೆ ಹೋದುದರಿಂದ ಬಹಳ ನಷ್ಟವುಂಟಾಗಬಹುದೆಂಬುದನ್ನೂ ನಾವು ಕಂಡುಕೊಂಡೆವು. ಆ ವಿಚಾರವಾಗಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ರಿಯಾಕ್ಟರು ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಕೈಗಾದ ಕಡೆಗೆ ಓಡುತ್ತದೆ. ಇಲ್ಲಿ ಪರಮಾಣುಬೀಜದ ಮಾತಿಲ್ಲ. ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆಗೆಲ್ಲ ರಿಯಾಕ್ಟರೆಂದೇ ಹೆಸರು. ನಾವು ಹೇಳಹೊರಟಿರುವುದು ಹಲವು ಮಹಡಿಗಳ ಎತ್ತರಕ್ಕೆ ನಿಂತ ಉಕ್ಕಿನ ಸ್ತಂಭಾಕಾರದ ಪಾತ್ರೆ; ಅದರ ಮೇಲ್ಭಾಗ ಗಡಿಗೆಯಂತೆ ಉಬ್ಬಿಕೊಂಡಿರುತ್ತದೆ. ತಳದಲ್ಲಿ ತೂತುಗಳುಳ್ಳ ತಟ್ಟೆಯೊಂದುಂಟು. ಆ ತೂತುಗಳ ಮೂಲಕ ಎಥಿಲೀನ್ ಅನಿಲವು ಸುಮಾರು 20 ವಾಯುಮಂಡಲಗಳ ಒತ್ತಡದಲ್ಲಿ ಮೇಲಕ್ಕೆ ನುಗ್ಗುತ್ತದೆ. ತಟ್ಟೆಯ ಮೇಲೆ ಪಾಲಿಥೀನಿನ ಪುಡಿ ರಾಶಿಯಾಗಿದ್ದು, ಅನಿಲದ ರಭಸಕ್ಕೆ ಅದು ಒಲೆಯ ಮೇಲಿನ ಅಂಬಲಿಯಂತೆ ಕೊತಕೊತನೆ ಕುದಿಯುತ್ತಿರುತ್ತದೆ. ಗುಳ್ಳೆಗಳೇಳುತ್ತವೆ, ಒಡೆಯುತ್ತವೆ, ಪುಡಿ ನೀರಿನ ಹಾಗೆ ಹರಿದಾಡುತ್ತದೆ. ಎಂಜಿನಿಯರುಗಳು ಇದನ್ನು ಫ್ಲೂಯಿಡೈಸ್ಡ್ ಬೆಡ್ ಎನ್ನುತ್ತಾರೆ. ನಾವು ಕುದಿಯುವ ಪುಡಿಯೆಂದೇ ಕರೆಯೋಣ. ಕ್ರಿಯಾವರ್ಧಕದ ಸೂಕ್ಷ್ಮ ಕಣಗಳನ್ನು ಇದರೊಳಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದರೆ, ಒಂದೊಂದು ಕಣದ ಸುತ್ತಲೂ ಎಥಿಲೀನಿನ ಅಣುಗಳು ಸರಪಣಿಯಾಗಿ ಹೆಣೆದುಕೊಂಡು, ಬಿಸಿ ಮರಳಿನಲ್ಲಿ ಭತ್ತ ಅರಳಾಗುವಂತೆ, ಕಣವು ದಿನದ ಕೆಲವೇ ಗಂಟೆಗಳಲ್ಲಿ ಅರ್ಧ ಮಿಲಿಮೀಟರಿನಷ್ಟೋ ಇನ್ನೂ ಹೆಚ್ಚೋ ಗಾತ್ರಕ್ಕೆ ಬೆಳೆಯುತ್ತದೆ. ಹಾಲಿನ ಪೊಟ್ಟಣ, ನೀರಿನ ಕೊಡ, ಮನೆಯ ಮೇಲಿನ ಟ್ಯಾಂಕು ಇವುಗಳ ಮೂಲದ್ರವ್ಯ ಬಹುಮಟ್ಟಿಗೆ ಹೀಗೆ ಹುಟ್ಟುತ್ತದೆ. ಈ ವಿಧಾನವನ್ನು ವಾಣಿಜ್ಯ ಪ್ರಮಾಣದಲ್ಲಿ 1968ರಲ್ಲಿ ಪ್ರಾರಂಭಿಸಿದುದು ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆ. (ಆ ಹೆಸರು ನಮ್ಮ ದೇಶದವರಿಗೆ 1984ರ ಭೋಪಾಲದಿಂದ ಪರಿಚಿತವಾದುದು ಬೇರೆಯೇ ಕಥೆ.) ನಮ್ಮ ಮಂಗಳೂರಿನ ತೈಲಶುದ್ಧೀಕರಣಾಗಾರದಲ್ಲಿಯೂ 2015ರಿಂದ ಅನಿಲರೂಪದ ಪ್ರೊಪಿಲೀನಿನಿಂದ ಪಾಲಿಪ್ರೊಪಿಲೀನ್ ಪುಡಿ ತಯಾರಾಗುತ್ತಿದೆ, ಅಲ್ಲಿಯದು ಯಂತ್ರದಿಂದ ಪುಡಿಯನ್ನು ಕಲಕುವ ಬೇರೊಂದು ಕ್ರಮ.

ಇಂಥ ಪಾತ್ರೆಯನ್ನು ನಡೆಸುವವರಿಗೆ ಮೊದಲ ಚಿಂತೆ ಶಾಖದ್ದು. ಒಂದು ಕಿಲೋಗ್ರಾಂ ಎಥಿಲೀನ್ ಪಾಲಿಥೀನಾಗುವಾಗ ಹೊರಬರುವ ಶಾಖವು ಸುಮಾರು ಹತ್ತು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಪಾತ್ರೆಯ ಉಷ್ಣತೆ 80ರಿಂದ 110 ಡಿಗ್ರಿ ಸೆಂಟಿಗ್ರೇಡಿನ ನಡುವೆ. ಪಾಲಿಥೀನು ಮೆತ್ತಗಾಗಿ ಕರಗುವುದು ಅದಕ್ಕಿಂತ ಕೆಲವೇ ಡಿಗ್ರಿ ಮೇಲೆ. ಈ ಶಾಖವನ್ನೆಲ್ಲ ಹೊತ್ತೊಯ್ಯುವ ಹೊಣೆ ನುಗ್ಗಿ ಹೋಗುವ ಅನಿಲದ್ದೇ. ಕಣವು ತೇಲಾಡುತ್ತಿರುವವರೆಗೆ ಎಲ್ಲವೂ ಕ್ಷೇಮ. ಆದರೆ ಯಾವುದೋ ಕಾರಣದಿಂದ ಅದು ಗೋಡೆಗೆ ಅಂಟಿಕೊಂಡು ನಿಂತಿತೆನ್ನಿ. ಅಲ್ಲಿ ಅನಿಲದ ಹರಿವು ಕಡಮೆ, ಕ್ರಿಯೆಯೋ ನಿಂತಿಲ್ಲ. ಕಣ ಬಿಸಿಯಾಗುತ್ತದೆ, ಮೆತ್ತಗಾಗುತ್ತದೆ, ಪಕ್ಕದ ಕಣವನ್ನು ಹಿಡಿದುಕೊಳ್ಳುತ್ತದೆ. ಹೀಗೆ ಗೋಡೆಯ ಮೇಲೆ ಪಾಲಿಥೀನಿನ ಹಾಳೆಯೊಂದು ಕಟ್ಟುತ್ತದೆ. ಕಾಲಂಗುಲದಿಂದ ಅರ್ಧ ಅಂಗುಲ ದಪ್ಪ, ಒಂದಡಿಯಿಂದ ಐದಡಿಯವರೆಗೆ ಉದ್ದವಿರುವ ಹಾಳೆಗಳನ್ನು ಕಂಡವರು ದಾಖಲಿಸಿದ್ದಾರೆ. ಇಂಥದೊಂದು ಕಳಚಿ ಕೆಳಗೆ ಬಿದ್ದರೆ ಪುಡಿ ಹೊರಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ಅನಿಲದ ಹರಿವು ಕೆಡುತ್ತದೆ; ಕೊನೆಗೆ ಕಾರ್ಖಾನೆಯನ್ನೇ ನಿಲ್ಲಿಸಿ, ಅನಿಲವನ್ನು ಹೊರಗೆಡವಿ, ಪಾತ್ರೆಯನ್ನು ತೆರೆದು ಆಳುಗಳು ಒಳಗಿಳಿದು ಆ ಗಡ್ಡೆಯನ್ನು ಕಡಿದು ತೆಗೆಯಬೇಕು. ಹಣದ ನಷ್ಟವನ್ನು ಲೆಕ್ಕವಿಡುವವರು ಬಹಳ ಮಂದಿ. ಮುಚ್ಚಿದ ಪಾತ್ರೆಯೊಳಕ್ಕೆ ಮನುಷ್ಯನನ್ನು ಇಳಿಸುವುದೇ ಒಂದು ಗಂಡಾಂತರವೆಂಬುದನ್ನು, ಉಳಿದ ನೈಟ್ರೊಜನಿನಲ್ಲಿ ಉಸಿರು ಸಿಕ್ಕದೆ ಕುಸಿದವರ ನಿದರ್ಶನಗಳು ರಾಸಾಯನಿಕ ಕೈಗಾರಿಕೆಯ ಚರಿತ್ರೆಯಲ್ಲಿ ಹಲವು ಇವೆಯೆಂಬುದನ್ನು, ನಾವು ಮರೆಯಲಾಗದು.

ಕಣವನ್ನು ಗೋಡೆಗೆ ಅಂಟಿಸುವ ಆ “ಯಾವುದೋ ಕಾರಣ”ಗಳಲ್ಲಿ ಮುಖ್ಯವಾದುದು ಸ್ಥಿರವಿದ್ಯುತ್ತು. ಕಣಗಳು ಒಂದನ್ನೊಂದು ಉಜ್ಜುತ್ತವೆ, ಉಕ್ಕಿನ ಗೋಡೆಯನ್ನೂ ಉಜ್ಜುತ್ತವೆ. ಗಾಜಿನ ಕೋಲಿನಲ್ಲಿ ನಡೆದುದೇ ಇಲ್ಲಿ ಕೋಟ್ಯಂತರ ಕಣಗಳಲ್ಲಿ ಎಡೆಬಿಡದೆ ನಡೆಯುತ್ತದೆ. ಉಂಟಾದ ವಿದ್ಯುದಂಶವು ಗೋಡೆಯ ಮೂಲಕ ಭೂಮಿಗೆ ಹರಿದುಹೋಗಬಾರದೇಕೆ ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಪಾಲಿಥೀನಿನ ವಿಶಿಷ್ಟರೋಧವನ್ನು 10¹⁵ ಓಮ್-ಮೀಟರ್ ಎಂದೂ ಸಾಪೇಕ್ಷ ಪರಾವೈದ್ಯುತಾಂಕವನ್ನು 2.3 ಎಂದೂ ಹಿಡಿದು, ಇವೆರಡನ್ನೂ ಶೂನ್ಯಾಕಾಶದ ವಿದ್ಯುಚ್ಛೀಲತೆಯಾದ 8.85×10⁻¹²ರಿಂದ ಗುಣಿಸಿದರೆ ವಿದ್ಯುದಂಶವು ಸೋರಿಹೋಗಲು ಬೇಕಾದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ: ಸುಮಾರು 20,000 ಸೆಕೆಂಡು, ಅಂದರೆ ಐದೂವರೆ ಗಂಟೆ. ಅಷ್ಟು ಹೊತ್ತಿಗೆ ಕಣವು ಪಾತ್ರೆಯಿಂದ ಹೊರಬಿದ್ದೇ ಇರುತ್ತದೆ. ಪಾತ್ರೆಯನ್ನು ಎಷ್ಟೇ ಚೆನ್ನಾಗಿ ಭೂಮಿಗೆ ಜೋಡಿಸಿದರೂ ಪುಡಿಗೆ ಅದರಿಂದ ವಿಶೇಷ ಪ್ರಯೋಜನವಿಲ್ಲ.

ಮತ್ತೊಂದು ಲೆಕ್ಕವನ್ನೂ ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದು. ಸಾಧಾರಣ ಗಾಳಿಯು ಮೀಟರಿಗೆ 30 ಲಕ್ಷ ವೋಲ್ಟುಗಳ ಕ್ಷೇತ್ರವನ್ನು ತಡೆದುಕೊಳ್ಳುತ್ತದೆ. ಅದನ್ನು ಮೀರಿದರೆ ಕಿಡಿ ಹಾರುತ್ತದೆ. ಅರ್ಧ ಮಿಲಿಮೀಟರ್ ವ್ಯಾಸದ ಕಣವೊಂದು ಈ ಮಿತಿಯೊಳಗೆ ಹೊರಬಲ್ಲ ವಿದ್ಯುದಂಶ ಸುಮಾರು 2×10⁻¹¹ ಕೂಲಂಬ್. ಮೇಲ್ಮೈಯ ಪರಮಾಣುಗಳಲ್ಲಿ ಅರವತ್ತು ಸಾವಿರಕ್ಕೆ ಒಂದು ಎಲೆಕ್ಟ್ರಾನ್ ಹೆಚ್ಚೋ ಕಡಮೆಯೋ ಆದರೆ ಇಷ್ಟಾಗುತ್ತದೆ. ಇಷ್ಟನ್ನು ಹೊತ್ತ ಕಣವು ಲೋಹದ ಗೋಡೆಗೆ ತಾಗಿ ನಿಂತಾಗ, ಗೋಡೆಯಲ್ಲಿ ತನ್ನದೇ ಪ್ರತಿಬಿಂಬದಂತೆ ಪ್ರೇರಿತವಾದ ವಿರುದ್ಧ ವಿದ್ಯುದಂಶದ ಕಡೆಗೆ ಅದು ಸೆಳೆಯಲ್ಪಡುವ ಬಲ ಅದರ ತೂಕದ ಇಪ್ಪತ್ತೈದು ಪಟ್ಟಿಗೂ ಮಿಗಿಲು. ಮಿತಿಯ ಐದನೆಯ ಒಂದು ಭಾಗವಿದ್ದರೂ ಸೆಳೆತವು ತೂಕಕ್ಕೆ ಸಮನಾಗುತ್ತದೆ. ಪಾತ್ರೆಯೊಳಗಿನ ಒತ್ತಡ ಹೆಚ್ಚಾದುದರಿಂದ ಅಲ್ಲಿಯ ಅನಿಲ ಇನ್ನೂ ಹೆಚ್ಚಿನ ಕ್ಷೇತ್ರವನ್ನು ತಡೆದೀತು. ಎಂದರೆ ಕಣಗಳು ಇನ್ನೂ ಹೆಚ್ಚು ವಿದ್ಯುದಂಶವನ್ನು ಹೊರಬಲ್ಲವು. ಕಾಗದದ ಚೂರುಗಳನ್ನು ಎತ್ತುವ ಬಾಚಣಿಗೆಯ ಆಟವು ಇಲ್ಲಿ ಟನ್ನುಗಟ್ಟಲೆ ಪುಡಿಯ ಹಣೆಬರಹವನ್ನು ನಿರ್ಣಯಿಸುವ ಬಲವಾಗಿ ನಿಂತಿದೆ.

ಆದುದರಿಂದ ವಿದ್ಯುದಂಶವನ್ನು ಅಳೆಯಬೇಕೆಂಬುದು ಸಹಜವಾದ ಆಲೋಚನೆ. ಪೋಲೆಂಡಿನ ಚಿಬೊರೋವ್ಸ್ಕಿ ಮತ್ತು ವ್ಲೊಡಾರ್ಸ್ಕಿ ಎಂಬವರು ಕುದಿಯುವ ಪುಡಿಯಲ್ಲಿ ಉಂಟಾಗುವ ಸ್ಥಿರವಿದ್ಯುತ್ತಿನ ವಿಷಯವಾಗಿ 1962ರಲ್ಲಿಯೇ ಪ್ರಬಂಧವನ್ನು ಪ್ರಕಟಿಸಿದ್ದರು. ಕೈಗಾರಿಕೆಯಲ್ಲಿ ರೂಢಿಗೆ ಬಂದುದು ಬಹಳ ಸರಳವಾದ ಸಾಧನ. ಲೋಹದ ಸಲಾಕೆಯೊಂದನ್ನು ಪಾತ್ರೆಯ ಗೋಡೆಯ ಮೂಲಕ ಒಳಕ್ಕೆ ತೂರಿಸಿ, ಗೋಡೆಗೆ ತಾಗದಂತೆ ಅವಾಹಕದ ಕವಚ ಹಾಕಿ, ತುದಿಯಲ್ಲಿ ಅರ್ಧ ಅಂಗುಲದ ಗುಂಡೊಂದನ್ನು ಗೋಡೆಯಿಂದ ಅಂಗುಲದಷ್ಟು ಈಚೆಗೆ ನಿಲ್ಲಿಸುತ್ತಾರೆ. ಹೊರತುದಿಗೆ ಎಲೆಕ್ಟ್ರೊಮೀಟರ್. ಇದಕ್ಕೆ ಪ್ರೋಬ್ ಎಂದು ಹೆಸರು, ನಾವು ಶೋಧಕವೆನ್ನೋಣ. ಯೂನಿಯನ್ ಕಾರ್ಬೈಡಿನವರು 1985ರಲ್ಲಿ ಪಡೆದ ಪೇಟೆಂಟೊಂದರಲ್ಲಿ ಇಂಥ ಶೋಧಕದ ವರ್ಣನೆಯಿದೆ. ಶೋಧಕದ ಸೂಚನೆ ಧನದ ಕಡೆಗಾಗಲಿ ಋಣದ ಕಡೆಗಾಗಲಿ ಬಹಳ ದೂರ ಸರಿದಾಗ ಹಾಳೆ ಕಟ್ಟುವುದೆಂದೂ, ಸೂಚನೆಯ ದಿಢೀರ್ ಬದಲಾವಣೆಯ ಹಿಂದೆಯೇ ಗೋಡೆಯ ಉಷ್ಣತೆಯಲ್ಲಿ ವ್ಯತ್ಯಾಸ ಕಾಣುವುದೆಂದೂ ಅವರು ಕಂಡುಕೊಂಡರು. ಕಾರಣವೇ ತಿಳಿಯದೆ ಕಾಡುತ್ತಿದ್ದ ಹಾಳೆಗೆ ಮುನ್ಸೂಚನೆ ದೊರಕಿದುದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ.

ಇಷ್ಟಾದ ಮೇಲೆ, ಶೋಧಕವು ಅಳೆದುದು ಕಣಗಳ ವಿದ್ಯುದಂಶವನ್ನೇ ಎಂದು ಬಹುಮಂದಿ ಹೇಳುತ್ತಾರೆ, ಬರೆಯುತ್ತಾರೆ. ನಮ್ಮ ತಕರಾರು ಇರುವುದು ಇಲ್ಲಿಯೇ.

ಗುಂಡಿಗೆ ಜೋಡಿಸಿದ ಎಲೆಕ್ಟ್ರೊಮೀಟರಿನ ರೋಧ ಅತ್ಯಧಿಕವಾಗಿದ್ದರೆ ಗುಂಡಿನಲ್ಲಿ ಕೂಡುತ್ತ ಬಂದ ವಿದ್ಯುದಂಶದಿಂದ ಅದರ ವಿಭವ ಏರುತ್ತದೆ; ಸೂಜಿ ತೋರುವುದು ವೋಲ್ಟುಗಳನ್ನು. ರೋಧ ಅತ್ಯಲ್ಪವಾಗಿದ್ದರೆ ಬಂದುದು ಬಂದಂತೆ ಭೂಮಿಗೆ ಹರಿಯುತ್ತದೆ; ಸೂಜಿ ತೋರುವುದು ಪ್ರವಾಹವನ್ನು, ಸಾಮಾನ್ಯವಾಗಿ ನ್ಯಾನೊ ಆಂಪಿಯರುಗಳಲ್ಲಿ. ತೊಟ್ಟಿಯಲ್ಲಿ ನಿಂತ ನೀರಿನ ಮಟ್ಟಕ್ಕೂ ಕಾಲುವೆಯಲ್ಲಿ ಹರಿಯುವ ನೀರಿಗೂ ಇರುವಷ್ಟೇ ವ್ಯತ್ಯಾಸ ಇವೆರಡಕ್ಕೂ ಉಂಟು. ಯಾವುದನ್ನು ಅಳೆದರೂ ಅದು ಗುಂಡಿನ ಸಂಗತಿ. ಗುಂಡಿನಿಂದ ಕಣಕ್ಕೆ ಹೋಗಬೇಕಾದರೆ ನಡುವೆ ತರ್ಕದ ಸೇತುವೆಯೊಂದು ಬೇಕು; ಆ ಸೇತುವೆಯಲ್ಲಿ ಮೂರು ಬಿರುಕುಗಳಿವೆ.

ವಿದ್ಯುದಂಶವನ್ನು ಹೊತ್ತ ಕಣವು ಗುಂಡಿಗೆ ಬಡಿದು ತನ್ನ ಅಂಶವನ್ನು ಸ್ವಲ್ಪ ಬಿಟ್ಟುಹೋಗಬಹುದು. ಎಷ್ಟು ಬಿಟ್ಟಿತೆಂಬುದು ಬಡಿದ ವೇಗ, ತಾಗಿದ ಜಾಗ, ಎರಡರ ಮೇಲ್ಮೈ ಇವುಗಳನ್ನವಲಂಬಿಸಿದ್ದು. ಅವಾಹಕವಾದ ಕಣವು ತನ್ನ ಮೈಮೇಲಿನದನ್ನೆಲ್ಲ ಒಮ್ಮೆಗೇ ಒಪ್ಪಿಸುವುದಿಲ್ಲ. ಅಥವಾ ಕಣವು ಬಡಿಯದೆ ಬಳಿಯಲ್ಲಿ ಹಾದುಹೋಗಬಹುದು. ಆಗ ಗುಂಡಿನಲ್ಲಿ ಪ್ರೇರಣೆಯಿಂದ ಪ್ರವಾಹವೊಂದು ಮೊದಲು ಒಂದು ದಿಕ್ಕಿಗೂ ಆಮೇಲೆ ಎದುರು ದಿಕ್ಕಿಗೂ ಮಿಡಿಯುತ್ತದೆ. ನಮ್ಮ ವಿದ್ಯಾರ್ಥಿನಿ ಕೇಳಿದ, ಮುಟ್ಟದೆ ಬಿರಿದ ಎಲೆಗಳ ಸಂಗತಿಯೇ ಇದು. ಒಂದು ಗುಳ್ಳೆ ಶೋಧಕದ ಬಳಿ ಏರಿಹೋಗುವಾಗ ಪುಡಿ ಅತ್ತಿತ್ತ ಸರಿಯುವುದರಿಂದ ಇಂಥ ಮಿಡಿತಗಳು ಸಾಲಾಗಿ ಬರುತ್ತವೆ. ಬೋಲ್ಯಾಂಡ್ ಮತ್ತು ಗೆಲ್ಡಾರ್ಟ್ ಎಂಬವರು 1970ರ ದಶಕದ ಪ್ರಾರಂಭದಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿ, ವಿದ್ಯುದಂಶ ಹುಟ್ಟುವುದಕ್ಕೂ ಗುಳ್ಳೆಯ ಸುತ್ತಣ ಪುಡಿಯ ಚಲನೆಗೂ ಇರುವ ಸಂಬಂಧವನ್ನು ತೋರಿಸಿದರು. ಮೂರನೆಯದು ಇನ್ನೂ ವಿಚಿತ್ರ: ವಿದ್ಯುದಂಶವೇ ಇಲ್ಲದ ಕಣ ಗುಂಡನ್ನು ಉಜ್ಜಿದಾಗ ಆ ಉಜ್ಜುವಿಕೆಯಿಂದಲೇ ಗುಂಡಿನಲ್ಲಿ ವಿದ್ಯುದಂಶ ಹುಟ್ಟುತ್ತದೆ. ಎಂದರೆ ಅಳೆಯಹೊರಟ ಸಾಧನವೇ ಅಳೆಯಬೇಕಾದುದನ್ನು ಹುಟ್ಟಿಸಿಕೊಳ್ಳುತ್ತದೆ! ಇವು ಮೂರೂ ಒಂದೇ ತಂತಿಯಲ್ಲಿ ಕಲೆತು ಹೊರಬರುತ್ತವೆ. ಇದು ಸಾಲದೆಂಬಂತೆ, ಕೆಲಸ ಮಾಡುತ್ತ ಮಾಡುತ್ತ ಗುಂಡಿನ ಮೇಲೆ ಪಾಲಿಥೀನಿನ ಪೊರೆಯೊಂದು ಕಟ್ಟಿಕೊಂಡರೆ ಬಡಿತದಿಂದ ಬರುವ ಅಂಶ ಕ್ಷೀಣಿಸಿ ಪ್ರೇರಣೆಯದೊಂದೇ ಉಳಿಯುತ್ತದೆ. ಸೂಜಿ ಮಾತ್ರ ಏನೂ ಆಗಿಲ್ಲವೆಂಬಂತೆ ಆಡುತ್ತಲೇ ಇರುತ್ತದೆ.

ಸೂಜಿಯ ಸೊನ್ನೆಯಂತೂ ಎಲ್ಲಕ್ಕಿಂತ ಅಪಾಯಕಾರಿ. ಊರಿನಲ್ಲಿ ಇರುವವರ ಸಾಲವನ್ನೂ ಬರಬೇಕಾದ ಬಾಕಿಯನ್ನೂ ಒಟ್ಟುಗೂಡಿಸಿದರೆ ಮೊತ್ತ ಸೊನ್ನೆಯಾದೀತು. ಹಾಗೆಂದು ಆ ಊರಿನಲ್ಲಿ ಸಾಲಗಾರರೇ ಇಲ್ಲವೆಂದು ಹೇಳಲಾದೀತೆ? ಒಂದೇ ಬಗೆಯ ಪುಡಿಯಲ್ಲಿ ದೊಡ್ಡ ಕಣಗಳು ಒಂದು ಬಗೆಯ ವಿದ್ಯುದಂಶವನ್ನೂ ಸಣ್ಣವು ಅದಕ್ಕೆ ವಿರುದ್ಧವಾದುದನ್ನೂ ಪಡೆಯುವುದುಂಟು. ಇವುಗಳ ಮಿಶ್ರಣದೆದುರು ನಿಂತ ಶೋಧಕ ಎರಡನ್ನೂ ಕೂಡಿಸಿ ಕಳೆದು ಸೊನ್ನೆಯೆನ್ನುತ್ತದೆ. ಗೋಡೆಗೆ ಅಂಟುವ ಕಣಕ್ಕೆ ಆ ಮೊತ್ತದ ಗೊಡವೆಯಿಲ್ಲ, ತನ್ನದೊಂದಿದ್ದರೆ ಸಾಕು. ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಮೆಹ್ರಾನಿ, ಬೀ ಮತ್ತು ಗ್ರೇಸ್ ಎಂಬವರು ಕುದಿಯುವ ಪುಡಿಯ ಸ್ತಂಭವನ್ನೇ ಅಳೆಯುವ ಪಾತ್ರೆಯನ್ನಾಗಿ ಮಾಡಿ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅನಿಲದೊಡನೆ ಹಾರಿಹೋಗುವ ನುಣುಪು ಪುಡಿಯು ವಿದ್ಯುದಂಶವನ್ನು ಹೊತ್ತೊಯ್ದು, ಅಷ್ಟೇ ಪ್ರಮಾಣದ ವಿರುದ್ಧ ವಿದ್ಯುದಂಶವನ್ನು ಹಿಂದೆ ಬಿಟ್ಟುಹೋಗುವುದು ಕಂಡುಬಂದಿತು. ಹಾರಿಹೋಗುವುದು ಎಲ್ಲಿಗೆ, ಉಳಿಯುವುದು ಎಲ್ಲಿ ಎಂಬುದನ್ನು ಒಂದೇ ಜಾಗದಲ್ಲಿ ನೆಟ್ಟ ಗುಂಡು ಹೇಳಲಾರದು.

ಇದಕ್ಕೆ ಎಂಜಿನಿಯರುಗಳು ಕೊಡುವ ಉತ್ತರವನ್ನೂ ನ್ಯಾಯವಾಗಿ ಹೇಳಬೇಕು. “ನಮಗೆ ಕೂಲಂಬುಗಳ ಲೆಕ್ಕ ಬೇಕಿಲ್ಲ, ಎಚ್ಚರಿಕೆ ಬೇಕು. ಹಳ್ಳಿಯ ವೈದ್ಯರು ನಾಡಿ ಹಿಡಿದು ಜ್ವರವನ್ನು ಹೇಳುತ್ತಿರಲಿಲ್ಲವೆ? ರಕ್ತದ ಒತ್ತಡದ ಅಂಕಿ ಅವರಿಗೆಲ್ಲಿ ತಿಳಿದಿತ್ತು? ಶೋಧಕವು ನಮ್ಮ ನಾಡಿ. ಅದು ಹಾರಿದರೆ ಹಾಳೆ ಬರುವುದೆಂದು ಅನುಭವದಿಂದ ಬಲ್ಲೆವು” ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಅನುಭವದಿಂದ ಬಂದ ಸಂಬಂಧವನ್ನು ಕಡೆಗಣಿಸುವ ವಿಜ್ಞಾನಿ ಜಾಣನಲ್ಲ. ವಾಯುಭಾರಮಾಪಕವು ಇಳಿದಾಗ ಮಳೆ ಬರುವುದೆಂದು ನಾವಿಕರು ತಿಳಿದದ್ದು ಹವೆಯ ಗಣಿತ ಹುಟ್ಟುವುದಕ್ಕೆ ಬಹುಮೊದಲೇ. ಆದರೆ ನಾಡಿ ಹೇಳಿದ್ದು ತಾನು ಕಂಡ ಕಾಯಿಲೆಗಳನ್ನು ಮಾತ್ರ. ಹೊಸ ಕಾಯಿಲೆ ಬಂದಾಗ?

ಬಂದದ್ದೂ ಹಾಗೆಯೇ. ಮೆಟಲ್ಲೊಸೀನುಗಳೆಂಬ ಹೊಸ ಜಾತಿಯ ಕ್ರಿಯಾವರ್ಧಕಗಳು ಬಳಕೆಗೆ ಬಂದ ಮೇಲೆ, ಪುಡಿಯೊಳಗಿನ ಶೋಧಕಗಳು ಹೆಚ್ಚೇನನ್ನೂ ತೋರಿಸದಿರುವಾಗಲೇ ಹಾಳೆ ಕಟ್ಟಿದ ಪ್ರಸಂಗಗಳು ಕೈಗಾರಿಕೆಯವರ ಪೇಟೆಂಟುಗಳಲ್ಲಿಯೇ ವರದಿಯಾದವು. ಆಗ ಅವರು ಶೋಧಕಗಳನ್ನು ಬೇರೆ ಕಡೆಗಳಲ್ಲಿ, ಅನಿಲವು ನುಣುಪು ಪುಡಿಯನ್ನು ಹೊತ್ತು ಹೊರಕ್ಕೊಯ್ಯುವ ಕೊಳವೆಗಳಲ್ಲಿ ಮತ್ತು ತಳದ ತಟ್ಟೆಯ ಬಳಿ, ಇರಿಸಿ ನೋಡಿದರು. ಪುಡಿಯ ರಾಶಿಯಲ್ಲಿ ಕಾಣದಿದ್ದ ಸುಳಿವು ಅಲ್ಲಿ ಸಿಕ್ಕಿತು. ಅನುಭವವಾದಿಗಳು ಇದನ್ನು ತಮ್ಮ ಗೆಲವೆಂದು ಎಣಿಸಬಹುದು. ನಮಗಾದರೋ ಇದು ಬೇರೆಯಾಗಿ ಕಾಣುತ್ತದೆ. ಗುಂಡಿನ ಸೂಚನೆಯನ್ನು “ರಿಯಾಕ್ಟರಿನ ವಿದ್ಯುದಂಶ” ಎಂದು ಕರೆಯದೆ “ಗೋಡೆಯಿಂದ ಒಂದಂಗುಲ ಒಳಗೆ, ಇಂಥ ಎತ್ತರದಲ್ಲಿ ನಿಂತ ಗುಂಡಿಗೆ ಹರಿದ ಪ್ರವಾಹ” ಎಂದು ಮೊದಲಿನಿಂದ ಕರೆದಿದ್ದರೆ, ಉಳಿದ ಜಾಗಗಳಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆ ಬೇಗನೆ ಹುಟ್ಟುತ್ತಿತ್ತು.

ಹೆಸರಿನ ಪ್ರಶ್ನೆಯಷ್ಟೇ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಸೂಜಿಯನ್ನು ನಂಬಿ ಔಷಧ ಹಾಕುವ ಕ್ರಮವೂ ಉಂಟು. ಪಾತ್ರೆಯ ವಿದ್ಯುದಂಶವನ್ನು ಧನದ ಕಡೆಗೆ ತಿರುಗಿಸುವ ಕೆಲವು ದ್ರವ್ಯಗಳೂ ಋಣದ ಕಡೆಗೆ ತಿರುಗಿಸುವ ಇನ್ನು ಕೆಲವೂ ಇವೆ. 1989ರ ಪೇಟೆಂಟೊಂದು ಮೊದಲನೆಯ ಗುಂಪಿನಲ್ಲಿ ಆಲ್ಕೊಹಾಲುಗಳನ್ನೂ ಎರಡನೆಯದರಲ್ಲಿ ನೀರು, ಕೀಟೋನುಗಳನ್ನೂ ಹೆಸರಿಸುತ್ತದೆ. ಪ್ರಮಾಣವೋ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಸೂಜಿ ಧನವೆಂದರೆ ನೀರು, ಋಣವೆಂದರೆ ಆಲ್ಕೊಹಾಲು. ಗುಂಡು ತನ್ನ ಮೇಲಿನ ಉಜ್ಜುವಿಕೆಯಿಂದ ಹುಟ್ಟಿದ ಚಿಹ್ನೆಯನ್ನು ತೋರಿಸುತ್ತಿದ್ದು, ಗೋಡೆಯ ಬಳಿಯ ಕಣಗಳ ಚಿಹ್ನೆ ಅದಕ್ಕೆ ವಿರುದ್ಧವಾಗಿದ್ದರೆ? ಹಾಕಿದ ಔಷಧ ಕಾಯಿಲೆಯನ್ನೇ ಬೆಳೆಸುತ್ತದೆ. ಮೇಲಾಗಿ ನೀರು ಕ್ರಿಯಾವರ್ಧಕಕ್ಕೆ ವಿಷ. ಅಗತ್ಯವಿಲ್ಲದೆ ಹಾಕಿದ ಪ್ರತಿ ತೊಟ್ಟೂ ಉತ್ಪತ್ತಿಯನ್ನು ಕುಗ್ಗಿಸುತ್ತದೆ. ಪಾತ್ರೆಯೊಳಕ್ಕೆ ಆಳನ್ನು ಇಳಿಸಬೇಕೋ ಬೇಡವೋ ಎಂಬುದು ಹೀಗೆ ಒಂದು ಗುಂಡಿನ ನಾಲಿಗೆಯ ಮೇಲೆ ನಿಂತಿದೆ.

ಹಾಗಾದರೆ ಕಣದ ನಿಜವಾದ ವಿದ್ಯುದಂಶವನ್ನು ಅಳೆಯುವ ಮಾರ್ಗವೇ ಇಲ್ಲವೆ? ಉಂಟು; ಅದು ನೂರೆಂಬತ್ತು ವರ್ಷಗಳಷ್ಟು ಹಳೆಯದು. ಮೈಕೆಲ್ ಫ್ಯಾರಡೆ 1843ರಲ್ಲಿ ಹತ್ತೂವರೆ ಅಂಗುಲ ಎತ್ತರ, ಏಳು ಅಂಗುಲ ವ್ಯಾಸದ, ಮಂಜುಗಡ್ಡೆಯನ್ನಿಡುವ ತವರದ ಪಾತ್ರೆಯೊಂದನ್ನು ಅವಾಹಕದ ಮೇಲಿರಿಸಿ, ಅದರ ಹೊರಮೈಯನ್ನು ಸ್ವರ್ಣಪತ್ರದ ಉಪಕರಣಕ್ಕೆ ಜೋಡಿಸಿ, ವಿದ್ಯುದಂಶವನ್ನು ಹೊತ್ತ ಹಿತ್ತಾಳೆಯ ಗುಂಡನ್ನು ಬಿಳಿಯ ರೇಷ್ಮೆದಾರದಲ್ಲಿ ಒಳಕ್ಕಿಳಿಸಿದನು. ಗುಂಡು ಸಾಕಷ್ಟು ಒಳಗಿಳಿದ ಮೇಲೆ ಅದು ಎಲ್ಲಿದ್ದರೂ ಎಲೆಗಳ ಬಿರಿತ ಒಂದೇ; ತಳವನ್ನು ಮುಟ್ಟಿಸಿದಾಗಲೂ ಬಿರಿತದಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ. ಮುಟ್ಟಿದರೂ ಮುಟ್ಟದಿದ್ದರೂ ಒಂದೇ ಅಂಕಿಯನ್ನು ಕೊಡುವ ಉಪಕರಣವಿದು. ಶೋಧಕದ ಗೊಂದಲದ ಬೇರೇ ಇಲ್ಲಿಲ್ಲ. ಪುಡಿಯನ್ನು ಇಂಥ ಪಾತ್ರೆಗೆ ಸುರಿದು, ಬಂದ ವಿದ್ಯುದಂಶವನ್ನು ತೂಕದಿಂದ ಭಾಗಿಸಿದರೆ ಕಿಲೋಗ್ರಾಮಿಗೆ ಇಷ್ಟು ಮೈಕ್ರೊಕೂಲಂಬ್ ಎಂದು ಧೈರ್ಯವಾಗಿ ಹೇಳಬಹುದು. ಇದಕ್ಕೂ ದೋಷಗಳುಂಟು. ಇದೂ ಮೊತ್ತವನ್ನಷ್ಟೇ ಕೊಡುವುದರಿಂದ ಧನ ಋಣಗಳನ್ನು ಬೇರ್ಪಡಿಸಬೇಕಾದರೆ ಪುಡಿಯನ್ನು ಮೊದಲೇ ಗಾತ್ರಕ್ಕನುಗುಣವಾಗಿ ಬೇರ್ಪಡಿಸಬೇಕು. 20 ವಾಯುಮಂಡಲಗಳ ಒತ್ತಡದಿಂದ ಪುಡಿಯನ್ನು ಹೊರಕ್ಕೆ ತರುವ ಕೊಳವೆಯಲ್ಲಿಯೇ ಅದು ಉಜ್ಜಿಕೊಂಡು ಹೊಸ ವಿದ್ಯುದಂಶವನ್ನು ಪಡೆದೀತು. ಆದರೂ ದಿನಕ್ಕೊಮ್ಮೆಯಾದರೂ ಪಾತ್ರೆಯ ಅಂಕಿಯನ್ನೂ ಶೋಧಕದ ಅಂಕಿಯನ್ನೂ ಎದುರುಬದುರಾಗಿಟ್ಟು ನೋಡುವುದು, ಶೋಧಕಗಳನ್ನು ಒಂದೇ ಕಡೆ ನೆಡದೆ ಎತ್ತರಕ್ಕೊಂದರಂತೆ ಹಂಚುವುದು, ಸರಾಸರಿಯೊಂದನ್ನೇ ಬರೆದಿಡದೆ ಮಿಡಿತಗಳ ಏರಿಳಿತವನ್ನೂ ದಾಖಲಿಸುವುದು ಇವೆಲ್ಲ ಅಸಾಧ್ಯವಾದ ಕೆಲಸಗಳೇನೂ ಅಲ್ಲವೆಂದು ನಾವು ಭಾವಿಸುತ್ತೇವೆ.

ದೋಷವನ್ನೆಲ್ಲ ಎಂಜಿನಿಯರುಗಳ ತಲೆಗೆ ಕಟ್ಟುವುದೂ ಸರಿಯಲ್ಲ. ಅವರು ನಮ್ಮ ತರಗತಿಗಳಿಂದಲೇ ಹೋದವರು. ಸ್ಥಿರವಿದ್ಯುತ್ತನ್ನು ಕೂಲಂಬನ ನಿಯಮ, ಗೌಸನ ಪ್ರಮೇಯ, ಎರಡು ಮೂರು ಲೆಕ್ಕಗಳಲ್ಲಿ ಮುಗಿಸಿ, ಅದೊಂದು ಮುಗಿದ ಅಧ್ಯಾಯವೆಂಬ ಭಾವನೆಯನ್ನು ನಾವು ಹುಟ್ಟಿಸುತ್ತೇವೆ. ವಾಸ್ತವವಾಗಿ, ಎರಡು ಅವಾಹಕಗಳು ತಾಗಿದಾಗ ದಾಟಿಹೋಗುವುದು ಎಲೆಕ್ಟ್ರಾನೋ, ಅಯಾನೋ, ಮೇಲ್ಮೈಯ ದ್ರವ್ಯದ ತುಣುಕೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಧನವಾಯಿತೆಂದು ನಾವು ಹೇಳುವ ಮೇಲ್ಮೈಯಲ್ಲಿಯೂ ಅತಿ ಸೂಕ್ಷ್ಮವಾದ ಧನ ಋಣಗಳ ತೇಪೆಗಳು ಅಕ್ಕಪಕ್ಕದಲ್ಲಿ ಇರುವುದನ್ನು ಗ್ರಿಬೊವ್ಸ್ಕಿಯವರ ತಂಡ 2011ರಲ್ಲಿ ಅಮೆರಿಕದಲ್ಲಿ ತೋರಿಸಿತು. 2025ರಲ್ಲಿ ಆಸ್ಟ್ರಿಯದ ಸಂಶೋಧಕರು, ಒಂದೇ ದ್ರವ್ಯದ ಒಂದೇ ಬಗೆಯ ತುಂಡುಗಳೂ ಮತ್ತೆ ಮತ್ತೆ ತಾಗಿಸಿದ ಮೇಲೆ ಧನದಿಂದ ಋಣದವರೆಗೆ ಸರದಿಯಾಗಿ ನಿಲ್ಲುತ್ತವೆಂದೂ, ಹಿಂದೆ ಎಷ್ಟು ಬಾರಿ ತಾಗಿತ್ತೆಂಬ ಚರಿತ್ರೆಯೇ ಅದಕ್ಕೆ ಕಾರಣವೆಂದೂ ಪ್ರಕಟಿಸಿದರು. ಇವೊಂದೂ ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಉಪಕರಣವು ಏನನ್ನು ಅಳೆಯುತ್ತಿದೆ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದೂ ಇಲ್ಲ.

ಇದನ್ನು ನಮ್ಮ ಕಾಲೇಜುಗಳಲ್ಲಿಯೇ ಮಾಡಿತೋರಿಸಲು ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಒಂದರೊಳಗೊಂದು ಕೂರುವ ಎರಡು ತಗಡಿನ ಡಬ್ಬಿಗಳು. ನಡುವೆ ಮೇಣದ ಬಿಲ್ಲೆ. ಹೊರಡಬ್ಬಿಗೆ ಭೂಮಿಯ ಸಂಪರ್ಕ, ಒಳಡಬ್ಬಿಗೆ 0.1 ಮೈಕ್ರೊಫ್ಯಾರಡಿನ ಧಾರಕ. ಪ್ಲಾಸ್ಟಿಕ್ ಅಚ್ಚು ಹಾಕುವವರು ದಾಣಾ ಎಂದು ಕರೆಯುವ ಪಾಲಿಥೀನ್ ಕಾಳುಗಳನ್ನು ಹತ್ತು ಗ್ರಾಂ ತೆಗೆದುಕೊಂಡು ಪಿ.ವಿ.ಸಿ. ಕೊಳವೆಯ ಮೂಲಕ ಒಳಡಬ್ಬಿಗೆ ಜಾರಿಸಬೇಕು. ಕಿಲೋಗ್ರಾಮಿಗೆ ಒಂದು ಮೈಕ್ರೊಕೂಲಂಬ್ ಬಂದರೂ ಧಾರಕದಲ್ಲಿ ಹತ್ತನೆಯ ಒಂದು ವೋಲ್ಟ್ ಕಾಣಬೇಕು. ಸಾಮಾನ್ಯ ಮಲ್ಟಿಮೀಟರನ್ನು ನೇರವಾಗಿ ಜೋಡಿಸಿದರೆ ಅದರ 10 ಮೆಗಾಓಮ್ ರೋಧದ ಮೂಲಕ ಒಂದೇ ಸೆಕೆಂಡಿನಲ್ಲಿ ಬಹುಭಾಗ ಸೋರಿಹೋಗುತ್ತದೆ. ಆದುದರಿಂದ ನಡುವೆ ಟಿಎಲ್081ರಂಥ, ಚಿಲ್ಲರೆ ಬೆಲೆಗೆ ಸಿಗುವ ಆಂಪ್ಲಿಫೈಯರು ಬೇಕು. ಸೋರಿಕೆಯನ್ನು ಬೇಕೆಂದೇ ಒಮ್ಮೆ ತೋರಿಸುವುದು ಒಳ್ಳೆಯದು. ಅನಂತರ ಕಾಳುಗಳು ಬೀಳುವ ದಾರಿಯಲ್ಲಿ ಲೋಹದ ಗುಂಡೊಂದನ್ನು ನಿಲ್ಲಿಸಿ ಅದರ ಸೂಚನೆಯನ್ನೂ ಬರೆದುಕೊಳ್ಳಬೇಕು. ಗುಂಡಿಗೆ ಕಾಳು ತಾಗುವಂತೆ ಒಮ್ಮೆ, ತಾಗದೆ ಪಕ್ಕದಲ್ಲಿ ಹಾದುಹೋಗುವಂತೆ ಇನ್ನೊಮ್ಮೆ. ನಾವು ಇದನ್ನು ಮೊದಲು ಜುಲೈ ತಿಂಗಳಲ್ಲಿ ಮಾಡಹೋಗಿ, ಮಳೆಗಾಲದ ತೇವದಲ್ಲಿ ಸೂಜಿ ಅಲುಗದೆ, ವಿದ್ಯಾರ್ಥಿಗಳೆದುರು ಪೆಚ್ಚಾದೆವು. ಫೆಬ್ರವರಿಯಲ್ಲಿ ಮಾಡಿದಾಗ ಡಬ್ಬಿಯ ಅಂಕಿಯೂ ಗುಂಡಿನ ಅಂಕಿಯೂ ಎರಡೂ ಬಂದವು; ಒಂದಕ್ಕೊಂದು ತಾಳೆಯಾಗಲಿಲ್ಲ. ಯಾವುದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕೆಂದು ಇಡೀ ತಂಡ ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೆ ವಾದಿಸಿತು.